ಕೆಲಸದ ದಿನದ ರಾತ್ರಿಯೂಟ

(ನಮ್ಮ ಸಂಘದ ಮಹಿಳಾ ವಿಭಾಗದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಸಭಾಗೃಹದಲ್ಲಿ ಸಾಹಿತ್ಯ, ಸಂಗೀತ, ನಾಡಹಬ್ಬಗಳ ಮಾತು ಬೇಕಾದಷ್ಟು ನಡೆದಿದೆ. ಅಡಿಗೆಯ ಮಾತನ್ನು ವೇದಿಕೆಗೆ ತರುವುದು ಸಭೆಯ ಘನತೆಗೆ ಕಡಿಮೆಯೆಂದು ಯಾರಾದರೂ ಭಾವಿಸಿದರೆ ಅವರು ದಯಮಾಡಿ ಈ ಕುರ್ಚಿಗಳ ಕಡೆ ಒಮ್ಮೆ ನೋಡಬೇಕು. ಇಂದು ಭಾನುವಾರವಾದ್ದರಿಂದ ಹೆಂಗಸರ ಸಾಲು ತುಂಬಿದೆ. ವಾರದ ನಡುವೆ ರಾತ್ರಿ ಎಂಟೂವರೆಗೆ ಕೂಡುವ ಕನ್ನಡ ವರ್ಗಕ್ಕಾಗಲಿ, ನಾಟಕದ ತಾಲೀಮಿಗಾಗಲಿ, ಕಾರ್ಯಕಾರಿ ಸಮಿತಿಗಾಗಲಿ ಈ ಸಾಲು ಬರಿದು. ಕಾರಣ ಕೇಳಿದರೆ ಎಲ್ಲರ ಉತ್ತರವೂ ಒಂದೇ: "ಅಡಿಗೆಯಾಗಬೇಕಲ್ಲ!" ಹಾಗಾದರೆ ಅಡಿಗೆ ಸಂಘದ ಪ್ರಶ್ನೆಯೇ ಆಯಿತು.

ಲೆಕ್ಕ ಹಾಕಿ ನೋಡೋಣ. ನಮ್ಮ ಡೊಂಬಿವಲಿಯಿಂದ ಬೆಳಿಗ್ಗೆ ಏಳೂವರೆಗೆ ಹೊರಟವಳು ಕಚೇರಿ ಮುಗಿಸಿ, ಗಾಡಿಯಲ್ಲಿ ನಿಂತುಕೊಂಡೇ ಬಂದು ಇಳಿಯುವಾಗ ಸಂಜೆ ಏಳೂಕಾಲು. ಪೇಟೆ ಸುತ್ತಿ ಮನೆ ಸೇರಿದರೆ ಏಳೂವರೆ. ಆಮೇಲೆ ಒಲೆಯ ಮುಂದೆ ನಿಂತು ಅನ್ನ, ಸಾರು, ಪಲ್ಯ, ಚಪಾತಿ ಮುಗಿಸುವ ಹೊತ್ತಿಗೆ ಒಂಬತ್ತು. ಕನ್ನಡ ವರ್ಗ ಅಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಇದಕ್ಕೆ ಬದಲಾಗಿ ಕೆಲವರು ನಿಲ್ದಾಣದ ಹೊರಗೆ ವಡಾ ಪಾವ್ ಕಟ್ಟಿಸಿಕೊಂಡು ಬರುತ್ತಾರೆ. ವಡಾ ಪಾವಿನ ವಿಷಯದಲ್ಲಿ ನಮಗೆ ಗೌರವವಿದೆ. 1966ರಲ್ಲಿ ದಾದರ್ ನಿಲ್ದಾಣದ ಬಳಿ ಅಶೋಕ ವೈದ್ಯರು ಅದನ್ನು ಮಾರಲು ತೊಡಗಿದರೆಂದು ಹೇಳುತ್ತಾರೆ. ಅಂದಿನಿಂದ ಅದು ಎಷ್ಟೋ ಲಕ್ಷ ದುಡಿಮೆಗಾರರ ಹಸಿವನ್ನು ತಣಿಸಿದೆ. ಆದರೆ ದಿನವೂ ರಾತ್ರಿ ಮಕ್ಕಳಿಗೆ ಕರಿದ ಆಲೂಗಡ್ಡೆಯನ್ನೇ ಬಡಿಸಲಾಗುವುದಿಲ್ಲ. ಪಾವ್ ಇರಲಿ, ಒಳಗಿನ ವಡೆಯ ಜಾಗಕ್ಕೆ ಬೆಂದ ಕಾಳು ಬರಲಿ ಎಂಬುದೇ ಇಂದಿನ ನಮ್ಮ ಸೂಚನೆ. ಆ ಕಾಳನ್ನು ಬೇಯಿಸಲು ಯಾರೂ ಮನೆಯಲ್ಲಿ ಇರಬೇಕಾಗಿಲ್ಲ.

"ಕುಕ್ಕರಿದೆಯಲ್ಲ, ಇಪ್ಪತ್ತು ನಿಮಿಷದ ಕೆಲಸ" ಎನ್ನುವವರುಂಟು. ಒತ್ತಡದ ಕುಕ್ಕರು ಒಳ್ಳೆಯ ಸಾಧನವೇ. ಅದು ವೇಳೆಯನ್ನೂ ಇಂಧನವನ್ನೂ ಉಳಿಸುತ್ತದೆ. ಆದರೆ ಅದರ ಹತ್ತಿರ ಒಬ್ಬರು ನಿಂತಿರಬೇಕು, ಸೀಟಿ ಎಣಿಸಬೇಕು, ಗ್ಯಾಸು ಆರಿಸಬೇಕು. ಮಂದ ಕಾವಿನ ಪಾತ್ರೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಎಂಟು ಹತ್ತು ಗಂಟೆ ಕೇಳುತ್ತದೆ, ನಮ್ಮನ್ನು ಮಾತ್ರ ಕೇಳುವುದಿಲ್ಲ. ದುಡಿಯುವವರ ಮನೆಯಲ್ಲಿ ಹಗಲಿನ ಹನ್ನೆರಡು ಗಂಟೆ ಹೇಗೂ ಬೀಗ ಹಾಕಿದ ಮನೆಯೊಳಗೆ ವ್ಯರ್ಥವಾಗಿ ಕಳೆಯುತ್ತದೆ. ಆ ಹೊತ್ತನ್ನೇ ಅಡಿಗೆಗೆ ಹಚ್ಚಬೇಕು.

ಈ ಯೋಚನೆ ಹೊಸದಲ್ಲ. ಊರಿನಲ್ಲಿ ನಮ್ಮ ಅಜ್ಜಿಯಂದಿರು ಹುರುಳಿಯನ್ನು ಒಲೆಯ ಮೇಲಿಟ್ಟು, ಕೊಳ್ಳಿಗಳನ್ನು ಹಿಂದಕ್ಕೆಳೆದು, ಬರಿಯ ಕೆಂಡದ ಕಾವಿಗೆ ಬಿಟ್ಟು ಹೊಲಕ್ಕೆ ಹೋಗುತ್ತಿದ್ದರು. ಬೆರಣಿಯ ಬೆಂಕಿಯ ಮೇಲೆ ದಿನವಿಡೀ ಕಾದ ಹಾಲಿನ ಕೆನೆಯ ರುಚಿ ಬಲ್ಲವರು ಇಲ್ಲಿ ಇನ್ನೂ ಇದ್ದೀರಿ. 1910ರಲ್ಲಿ ಬಂಗಾಳದ ಇಂದುಮಾಧವ ಮಲ್ಲಿಕರು ಇಕ್ಮಿಕ್ ಕುಕ್ಕರನ್ನು ರೂಪಿಸಿದರು. ಅಡಿಯಲ್ಲಿ ಇದ್ದಿಲು, ಮೇಲೆ ಅಂತಸ್ತಂತಸ್ತಾಗಿ ಡಬ್ಬಿಗಳು, ಅನ್ನ ಬೇಳೆ ತರಕಾರಿ ಒಟ್ಟಿಗೆ ಬೇಯುವ ವ್ಯವಸ್ಥೆ. ವಿದ್ಯುತ್ತಿನ ಮಂದಪಾತ್ರೆ ಬಂದದ್ದು ಅಮೆರಿಕದಿಂದ. ಶಿಕಾಗೋದ ಇರ್ವಿಂಗ್ ನ್ಯಾಕ್ಸನ್ ಎಂಬ ಯಂತ್ರಜ್ಞನಿಗೆ 1940ರಲ್ಲಿ ಅದರ ಪೇಟೆಂಟು ದೊರೆಯಿತು. ಅವನ ಮನೆತನ ಲಿಥುವೇನಿಯಾದ ಯಹೂದಿಗಳದು. ಅವರಲ್ಲಿ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಬೆಂಕಿ ಹೊತ್ತಿಸುವಂತಿಲ್ಲ. ಆದ್ದರಿಂದ ಕಾಳಿನ ಗಡಿಗೆಯನ್ನು ಶುಕ್ರವಾರವೇ ಬೇಕರಿಯವನ ಒಲೆಯಲ್ಲಿಟ್ಟು, ಆ ಆರುತ್ತಿರುವ ಒಲೆಯ ಕಾವಿನಲ್ಲಿ ಬೆಂದುದನ್ನು ಮರುದಿನ ಮನೆಗೆ ತಂದು ಉಣ್ಣುತ್ತಿದ್ದರು. ಈ ಪದ್ಧತಿಯನ್ನು ಮನೆಯ ಹಿರಿಯರಿಂದ ಕೇಳಿಯೇ ಅವನಿಗೆ ಯಂತ್ರದ ಯೋಚನೆ ಹೊಳೆಯಿತಂತೆ. 1971ರಲ್ಲಿ ಅದು ಕ್ರಾಕ್‌ಪಾಟ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಾಗ ಅಲ್ಲಿ ನೌಕರಿಗೆ ಹೊರಟ ಹೆಂಗಸರು ಅದನ್ನು ಕೈಹಿಡಿದರು. ನಮ್ಮ ಅಂಗಡಿಗಳಲ್ಲಿ ಸ್ಲೋ ಕುಕ್ಕರ್ ಎಂದು ಕೇಳಬೇಕು. ಅನ್ನದ ಕುಕ್ಕರಿನ "ಬಿಸಿಯಾಗಿಡುವ" ಗುಂಡಿ ಇದಕ್ಕೆ ಬದಲಿಯಲ್ಲ. ಅದು ಬೆಂದುದನ್ನು ಕಾಯುತ್ತದೆ, ಹಸಿಯದನ್ನು ಬೇಯಿಸುವುದಿಲ್ಲ.

ಈಗ ಮಾಡುವ ಕ್ರಮ. ನಾಲ್ಕೈದು ಜನಕ್ಕೆ ಕಾಲು ಕಿಲೋ ಕಡಲೆಕಾಳು ಸಾಕು. ಕರಿಯದಾದರೂ ಸರಿ, ಕಾಬೂಲಿಯಾದರೂ ಸರಿ. ರಾತ್ರಿ ಮಲಗುವ ಮುಂಚೆ ಧಾರಾಳ ನೀರಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಗ್ಯಾಸಿನ ಮೇಲೆ ಹತ್ತು ನಿಮಿಷ ಕುದಿಸಬೇಕು. ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಇದಕ್ಕೆ ಬೇರೆ ವೇಳೆ ಬೇಕಾಗುವುದಿಲ್ಲ. ಅಷ್ಟರಲ್ಲಿ ಮಂದಪಾತ್ರೆಯನ್ನು ಬಿಸಿನೀರಿನಿಂದ ತೊಳೆದು ಬೆಚ್ಚಗೆ ಮಾಡಿರಬೇಕು. ಒಳಗಿನ ಗಡಿಗೆ ಪಿಂಗಾಣಿಯದು. ತಣ್ಣಗಿರುವಾಗ ಕುದಿಯುವ ನೀರು ಸುರಿದರೆ ಸೀಳಬಹುದು. ಕಾಳನ್ನು ಬಿಸಿಯಾಗಿಯೇ ಹಾಕಿ, ಮೇಲೆ ಎರಡು ಬೆರಳು ನೀರು ನಿಲ್ಲಿಸಿ, ಹುರಿದ ಈರುಳ್ಳಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಅರಿಸಿನ, ಒಂದು ಚಮಚ ಎಣ್ಣೆ ಸೇರಿಸಿ ಮುಚ್ಚಿ, ಕಡಿಮೆ ಕಾವಿಗೆ ತಿರುಗಿಸಿ ಬಾಗಿಲು ಹಾಕಿಕೊಂಡು ಹೊರಡುವುದು. ಪಾತ್ರೆ ಅರ್ಧಕ್ಕಿಂತ ಕಡಿಮೆ ಇರಬಾರದು, ಮುಕ್ಕಾಲು ಮೀರಬಾರದು. ಎಂಟು ಗಂಟೆಗೆ ಕಾಳು ಬೆಂದಿರುತ್ತದೆ. ಅನಂತರ ತಾನಾಗಿಯೇ ಬಿಸಿಯಾಗಿಡುವ ಸ್ಥಿತಿಗೆ ತಿರುಗುವ ಪಾತ್ರೆಗಳೂ ಇವೆ. ಆ ಅನುಕೂಲವಿಲ್ಲದಿದ್ದರೆ ಇನ್ನೊಂದು ಲೋಟ ನೀರು ಹೆಚ್ಚಾಗಿ ಹಾಕಿ ಬಿಡಿ. ಹನ್ನೆರಡು ಗಂಟೆಗೆ ಕಾಳು ಇನ್ನಷ್ಟು ಮೆತ್ತಗಾಗುತ್ತದೆ, ನಮಗೆ ಅದೇ ಬೇಕು.

ಹುಣಸೆ, ಟೊಮೆಟೊ, ಕೋಕಂ ಯಾವುದನ್ನೂ ಬೆಳಿಗ್ಗೆ ಹಾಕಬೇಡಿ. ಹುಳಿ ಬಿದ್ದರೆ ಕಾಳು ಮೆತ್ತಗಾಗಲು ಒಲ್ಲೆನೆನ್ನುತ್ತದೆ. ಸಂಜೆ ಬಂದ ಮೇಲೆ ಬಾಣಲೆಯಲ್ಲಿ ಒಗ್ಗರಣೆ ಕೊಟ್ಟು, ಟೊಮೆಟೊ ಬಾಡಿಸಿ, ಉಪ್ಪು, ಖಾರ ಬೆರೆಸಿ, ಅದಕ್ಕೆ ಕಾಳನ್ನು ಸುರಿದು ಅರ್ಧದಷ್ಟನ್ನು ಸೌಟಿನಿಂದ ಮಸೆದರೆ ಪಾವಿನೊಳಗೆ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ಮಸಾಲೆಯ ವಿಷಯದಲ್ಲಿ ಯಾರೂ ಯಾರಿಗೂ ಬೋಧಿಸುವುದು ಬೇಡ. ದಕ್ಷಿಣ ಕನ್ನಡದವರು ತೆಂಗಿನಕಾಯಿ ಹುರಿದು ಅರೆಯಲಿ, ವಿಜಯಪುರ ಸೊಲ್ಲಾಪುರದ ಕಡೆಯವರು ಮಸಾಲೆಖಾರ ಹಾಕಲಿ. ಪಾವನ್ನು ಸೀಳಿ, ಒಂದು ಮಗ್ಗುಲಿಗೆ ಕೊತ್ತಂಬರಿ ಚಟ್ನಿ, ಇನ್ನೊಂದಕ್ಕೆ ಶೇಂಗಾ ಚಟ್ನಿಪುಡಿ ಸವರಿ, ನಡುವೆ ಕಾಳು ತುಂಬಿ, ಮೇಲೆ ಹಸಿ ಈರುಳ್ಳಿ, ಸೌತೆಕಾಯಿ ಇಟ್ಟು, ಕಾದ ಹಂಚಿನ ಮೇಲೆ ಒತ್ತಿ ಎರಡೂ ಬದಿ ಕೆಂಪಗೆ ಮಾಡಿ. ಮನೆ ಹೊಕ್ಕ ಕಾಲು ಗಂಟೆಗೆ ಊಟ ಸಿದ್ಧ. ಸಾಲದೆ ಬಂದವರಿಗೆ ಉಳಿದ ಕಟ್ಟನ್ನು ಬಟ್ಟಲಲ್ಲಿ ಕೊಡಬಹುದು.

ಪಾವ್ ಊಟವಲ್ಲ, ತಿಂಡಿ ಎಂದು ಹಿರಿಯರು ಆಕ್ಷೇಪಿಸುತ್ತಾರೆ. ಮೈದಾ ಎಂಬ ದೂರು ಅರ್ಧ ನಿಜವೇ. ಆದರೆ ಕಡಲೆಯ ಒಣತೂಕದ ಸುಮಾರು ಐದರಲ್ಲೊಂದು ಪಾಲು ಸಸಾರಜನಕ. ಪಾವಿನ ಕೊರತೆಯನ್ನು ಅದು ಬಹುಮಟ್ಟಿಗೆ ತುಂಬುತ್ತದೆ. ಪೋರ್ತುಗೀಜರ ಮಾತಿನಿಂದ ಹೆಸರು ಪಡೆದ ಈ ರೊಟ್ಟಿ ಮುಂಬಯಿಯಲ್ಲಿ ಯಾರ ಜಾತಿಯನ್ನೂ ಕೇಳದೆ ಹೊಟ್ಟೆ ತುಂಬಿಸಿದೆ. ಒಗ್ಗದಿದ್ದವರು ಅದೇ ಕಾಳನ್ನು ಜೋಳದ ರೊಟ್ಟಿಯಲ್ಲಿ ಮಡಚಿ ತಿಂದರೆ ಇನ್ನೂ ಉತ್ತಮ. ರೊಟ್ಟಿ ಬಡಿಯುವವರು ಯಾರೆಂಬುದನ್ನು ಮಾತ್ರ ಮೊದಲೇ ತೀರ್ಮಾನಿಸಿಕೊಳ್ಳಿ.

ಎಚ್ಚರಿಕೆಯ ಮಾತುಗಳನ್ನು ಗಮನವಿಟ್ಟು ಕೇಳಬೇಕು. ಕೆಂಪು ರಾಜ್ಮಾ ಕಾಳನ್ನು ಕುದಿಸದೆ ಎಂದಿಗೂ ಮಂದಪಾತ್ರೆಗೆ ಹಾಕಕೂಡದು. ಅದರಲ್ಲಿ ಹುಟ್ಟಿನಿಂದಲೇ ಒಂದು ವಿಷವಸ್ತುವಿದೆ. ನಾಲ್ಕೈದು ಹಸಿ ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಭೇದಿ ಆರಂಭವಾಗಬಹುದು. ಜೋರಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಕುದಿಯದ ಮಂದ ಕಾವಿನಲ್ಲಿ ನಾಶವಾಗದಿರುವುದು ಮಾತ್ರವಲ್ಲ, ಅದರ ತೀಕ್ಷ್ಣತೆ ಹಸಿಕಾಳಿಗಿಂತ ಹೆಚ್ಚಾಗುವುದೂ ಉಂಟು. ಐದು ಗಂಟೆಗೆ ಕಡಿಮೆಯಿಲ್ಲದೆ ನೆನೆಸಿ, ನೀರು ಚೆಲ್ಲಿ, ಅರ್ಧ ಗಂಟೆ ಕುದಿಸಿದ ಮೇಲೆಯೇ ರಾಜ್ಮಾದ ಮಾತು. ಕಡಲೆಯಲ್ಲಿ ಈ ಭಯ ಅಷ್ಟಿಲ್ಲ. ಆದರೂ ಎಲ್ಲ ಕಾಳಿಗೂ ಕುದಿಸುವ ರೂಢಿಯನ್ನೇ ಇಟ್ಟುಕೊಂಡರೆ ಮರೆವಿಗೆ ಎಡೆಯಿರುವುದಿಲ್ಲ.

ಎರಡನೆಯದು ವಿದ್ಯುತ್ತು. ನಾವಿಲ್ಲದಾಗ ಕರೆಂಟು ಹೋಗಿ ಬಂದದ್ದು ಗೊತ್ತಾದರೆ, ಎಷ್ಟು ಹೊತ್ತು ಹೋಗಿತ್ತೆಂದು ತಿಳಿಯದಿದ್ದರೆ, ಆ ಅಡಿಗೆಯನ್ನು ಚೆಲ್ಲಿಬಿಡಬೇಕು. ಅನ್ನ ಚೆಲ್ಲುವುದು ನಮ್ಮವರಿಗೆ ಸಂಕಟದ ಕೆಲಸವೆಂದು ಬಲ್ಲೆವು. ಆದರೆ 60 ಡಿಗ್ರಿಗಿಂತ ಕೆಳಗಿಳಿದು ಬಹಳ ಹೊತ್ತು ನಿಂತ ಆಹಾರದಲ್ಲಿ ಕ್ರಿಮಿಗಳು ಬೆಳೆಯುತ್ತವೆ. ಅವುಗಳಲ್ಲಿ ಕೆಲವು ಬಿಟ್ಟುಹೋಗುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಪಾತ್ರೆಯನ್ನು ಕಲ್ಲಿನ ಕಟ್ಟೆಯ ಮೇಲೆ, ಪರದೆಗಳಿಂದ ದೂರವಿಟ್ಟು, ಗೋಡೆಯ ಮೂರು ಕಡ್ಡಿಯ ಪ್ಲಗ್ಗಿಗೇ ಜೋಡಿಸಬೇಕು. ತಂತಿ ಸುತ್ತಿದ ಜೋಡಣೆ ಬೇಡ. ಮುಚ್ಚಳವನ್ನು ಪದೇ ಪದೇ ತೆಗೆದು ನೋಡುವ ಚಪಲವೂ ಬೇಡ.

ಖರ್ಚು? ಪಾತ್ರೆಯ ಮೇಲೆ 200 ವ್ಯಾಟ್ ಎಂದಿದ್ದರೆ ಹನ್ನೆರಡು ಗಂಟೆಗೆ ಹೆಚ್ಚೆಂದರೆ 2.4 ಯೂನಿಟ್. ಗ್ಯಾಸಿನ ಕುಕ್ಕರಿಗಿಂತ ಇದು ಅಗ್ಗವೆಂದು ನಾವು ಹೇಳುವುದಿಲ್ಲ. ಹಣವನ್ನಲ್ಲ, ಹೊತ್ತನ್ನು ಉಳಿಸುವ ಸಾಧನವಿದು. ಹಣವೇ ಇಲ್ಲದವರು ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಮನೆಗಳಲ್ಲಿ ಬಳಸಿದ ಹುಲ್ಲಿನ ಪೆಟ್ಟಿಗೆಯನ್ನು ನೆನೆಯಬಹುದು. ಚೆನ್ನಾಗಿ ಕುದಿದ, ಕಂಠದವರೆಗೆ ತುಂಬಿದ ಪಾತ್ರೆಯನ್ನು ಸುತ್ತಲೂ ಹಳೆಯ ಕೌದಿ ತುರುಕಿದ ಪೆಟ್ಟಿಗೆಯಲ್ಲಿ ಹುದುಗಿಸಿಟ್ಟರೆ ನೆನೆದ ಹೆಸರುಕಾಳು ಮೂರು ನಾಲ್ಕು ಗಂಟೆಯಲ್ಲಿ ಬೇಯುತ್ತದೆ. ಅರ್ಧ ದಿನದ ಪಾಳಿಯವರಿಗೆ ಇದು ಆದೀತು. ಹನ್ನೆರಡು ಗಂಟೆ ಹೊರಗಿರುವವರಿಗೆ ತಕ್ಕುದಲ್ಲ. ಅಷ್ಟರಲ್ಲಿ ಕಾವು ಇಳಿದುಹೋಗುತ್ತದೆ.

ಕೊನೆಗೆ ಸಭೆಯ ಗಂಡಸರಿಗೊಂದು ಮಾತು. ಮುಂಬಯಿಯ ಉಡುಪಿ ಹೋಟೆಲುಗಳನ್ನು ಕಟ್ಟಿದ್ದು ನಮ್ಮ ಗಂಡಸರ ಕೈ. ಮಾಟುಂಗಾದಲ್ಲಿ 1942ರಿಂದ ರಾಮಾ ನಾಯಕರ ಬೋರ್ಡಿಂಗು ಊಟ ಬಡಿಸುತ್ತಿದೆ. ನೂರಾರು ಜನಕ್ಕೆ ಸಾಂಬಾರು ಕುದಿಸಬಲ್ಲ ಕೈ, ಮನೆಯಲ್ಲಿ ಕಾಲು ಕಿಲೋ ಕಡಲೆ ನೆನೆಹಾಕಲು ಏಕೆ ಸೋಲುತ್ತದೆಂಬುದು ನಮಗೆ ತಿಳಿಯದ ಒಗಟು. ರಾತ್ರಿ ನೆನೆಸುವುದು, ಬೆಳಿಗ್ಗೆ ಕುದಿಸಿ ಹಾಕುವುದು ಇವೆರಡನ್ನು ಗಂಡಸರು ವಹಿಸಿಕೊಳ್ಳಲಿ. ಯಂತ್ರವೊಂದು ಬಂದು ಹೆಂಗಸಿನ ಹೆಗಲಿಗೇ ಏರಿದರೆ ಅದರಿಂದ ಲಾಭವಿಲ್ಲ. ಇದು ಟೀಕೆಯೆಂದು ತಿಳಿದರೂ ಅಡ್ಡಿಯಿಲ್ಲ.

ಮಹಿಳಾ ವಿಭಾಗವು ಎಲ್ಲರ ವಂತಿಗೆಯಿಂದ ಒಂದು ಪಾತ್ರೆಯನ್ನು ಕೊಂಡಿದೆ. ಕೊಳ್ಳುವ ಮುಂಚೆ ಪ್ರಯೋಗಿಸಿ ನೋಡಬಯಸುವವರಿಗೆ ಒಂದೊಂದು ವಾರದಂತೆ ಎರವಲು ಕೊಡುತ್ತೇವೆ. ಹಿಂದಿರುಗಿಸುವಾಗ ತೊಳೆದು ಕೊಡಬೇಕು. ಹೆಸರು ಬರೆಸುವ ಪುಸ್ತಕ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಬುಧವಾರದ ಕನ್ನಡ ವರ್ಗ ಎಂದಿನಂತೆ ಎಂಟೂವರೆಗೆ.