ವಿಮಾನದ ದರಕ್ಕೆ ಮಿತಿ ಬೇಕು
(ಕುಪ್ಪಗಡ್ಡೆಯ ಸಭೆಯಲ್ಲಿ ಮಾಡಿದ ಭಾಷಣ)



2023ರ ಆಗಸ್ಟ್ 31ರಂದು ಶಿವಮೊಗ್ಗದ ಸೋಗಾನೆಯಲ್ಲಿ ಬೆಂಗಳೂರಿನಿಂದ ಬಂದ ಮೊದಲ ಪ್ರಯಾಣಿಕ ವಿಮಾನ ಇಳಿಯಿತು. ನಿಲ್ದಾಣಕ್ಕೆ ಸುಮಾರು 450 ಕೋಟಿ ರೂಪಾಯಿ ಸುರಿದದ್ದು ರಾಜ್ಯ ಸರ್ಕಾರ. ಎಂದರೆ ಬೆಂಕಿಪೊಟ್ಟಣ ಕೊಂಡರೂ ತೆರಿಗೆ ತೆರುವ ಕುಪ್ಪಗಡ್ಡೆಯ ನೀವು.

ವಿಮಾನ ಸಿರಿವಂತರ ಶೋಕಿಯೆಂದು ನಾನು ತಳ್ಳಿಹಾಕಲಾರೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ, ಪುಕ್ಕಟೆ ಊಟ ಕೈಬಿಟ್ಟು ದರ ಇಳಿಸಿದರು. ಬುತ್ತಿ ನಾವೇ ಕಟ್ಟಿಕೊಂಡೇವು, ಇಕ್ಕಟ್ಟಿನಲ್ಲೂ ಕೂತೇವು. ಸೊರಬದ ಬಸ್ಸಿನಲ್ಲಿ ಅಭ್ಯಾಸವಾಗಿದೆ! ಆದರೆ ಬಸ್ಸಿನ ದರ ಬೆಳಿಗ್ಗೆ ಒಂದು, ಸಂಜೆ ಒಂದು ಆಗುವುದಿಲ್ಲ. ವಿಮಾನದಲ್ಲಿ ಅವಸರವಿದ್ದವನಿಗೇ ಹೆಚ್ಚು ಬೆಲೆ. ರೋಗಿಯನ್ನು ಕರೆದೊಯ್ಯುವವನು ತಿಂಗಳ ಮೊದಲೇ ಟಿಕೀಟು ಕೊಳ್ಳಬಲ್ಲನೇ?

ದರ ಗೊತ್ತುಮಾಡುವುದು ಅಸಾಧ್ಯವೆನ್ನುತ್ತಾರೆ. 2020ರ ಮೇ ತಿಂಗಳಿಂದ 2022ರ ಆಗಸ್ಟಿನವರೆಗೆ ಕೇಂದ್ರ ಸರ್ಕಾರವೇ ಮಿತಿ ಹಾಕಿತ್ತಲ್ಲ! ಸೋಗಾನೆಯ ಪ್ರತಿ ಸೀಟಿಗೂ ಅಂಥ ಮಿತಿ ಬೇಕೆಂಬ ಠರಾವನ್ನು ಈಗ ನಿಮ್ಮ ಮುಂದಿಡುತ್ತೇನೆ.