ನಲವತ್ತು ರೂಪಾಯಿ ಎಲ್ಲಿ ಹೋಯಿತು?

ಅಂಗಡಿಯ ಕಂಪ್ಯೂಟರಿನಲ್ಲಿ ಬಿಲ್ ಹಾಕುತ್ತಿರುವಾಗ ಒಮ್ಮೊಮ್ಮೆ ಪರದೆಯ ಮೇಲೆ ‘ಇಂಟರ್ನಲ್ ಎರರ್’ ಎಂಬ ಚೌಕ ಮೂಡುತ್ತದೆ. ಆಮೇಲೆ ಜಪ್ಪಯ್ಯ ಅಂದರೂ ಲೆಕ್ಕ ಮುಂದೆ ಹೋಗುವುದಿಲ್ಲ. ಅಂಗಡಿಯವರಿಗೆ ಸಿಟ್ಟು ಬರುವುದು ಸಹಜ. ಆದರೆ ಮಕ್ಕಳೇ, ಹಾಗೆ ನಿಂತುಬಿಡುವ ತಂತ್ರಾಂಶವೇ ನಂಬಿಕಸ್ಥ ಅಂತ ನನಗನ್ನಿಸುತ್ತದೆ.

ನೀವು 40 ರೂಪಾಯಿ ಕೊಟ್ಟು ಒಂದು ನೋಟ್‌ಬುಕ್ ಕೊಂಡಿರಿ ಅನ್ನೋಣ. ತಂತ್ರಾಂಶ ಅದನ್ನು ಎರಡು ಕಡೆ ಬರೆಯುತ್ತದೆ. ನಗದು ಖಾತೆಯಲ್ಲಿ 40, ಮಾರಾಟದ ಖಾತೆಯಲ್ಲೂ 40. ದುಡ್ಡು ಎಲ್ಲಿಗೆ ಬಂತು, ಯಾತರಿಂದ ಬಂತು, ಎರಡೂ ತಿಳಿಯಬೇಕಲ್ಲ! ಇಟಲಿಯ ವ್ಯಾಪಾರಿಗಳ ಈ ಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಸನ್ಯಾಸಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲಿ ವಿವರಿಸಿದ್ದ. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶವೂ ನಡೆಯುವುದು ಇದೇ ದಾರಿಯಲ್ಲಿ. ಎರಡೂ ಬದಿಯ ಮೊತ್ತ ಸದಾ ಸಮ ಇರಬೇಕು.

ಈಗ ನೋಡಿ, ನಗದಿನಲ್ಲಿ 40 ಬರೆದಾಯಿತು, ಮಾರಾಟದಲ್ಲಿ ಬರೆಯುವಷ್ಟರಲ್ಲಿ ಕರೆಂಟ್ ಹೋಯಿತು! ಮತ್ತೆ ಕಂಪ್ಯೂಟರ್ ಶುರುಮಾಡಿದಾಗ ಒಂದು ಬದಿ ಭಾರ. ತಂತ್ರಾಂಶ ಬರೆದವರು ಇಂಥ ಕಡೆ ಮೊದಲೇ ಕಾವಲಿಟ್ಟಿರುತ್ತಾರೆ: ‘ಸಮ ಇಲ್ಲದಿದ್ದರೆ ನಿಲ್ಲು.’ ಆಗ ಆ ಚೌಕ ಮೂಡುತ್ತದೆ. ಯಾವ ಬದಿ ಸರಿ ಎಂದು ಅದಕ್ಕೆ ಗೊತ್ತಿಲ್ಲ. ಊಹಿಸಿಕೊಂಡು ಮುಂದೆ ಹೋದರೆ ತಪ್ಪಿನ ಮೇಲೆ ತಪ್ಪು ಕೂಡುತ್ತಾ ಹೋಗುತ್ತದೆ. (ಡಿಸ್ಕ್ ಕೆಟ್ಟರೂ, ತಂತ್ರಾಂಶದಲ್ಲೇ ದೋಷವಿದ್ದರೂ ಹೀಗಾಗಬಹುದು.)

ಪೈಸೆಗಳದ್ದು ಇನ್ನೊಂದು ತಮಾಷೆ. ಕಂಪ್ಯೂಟರ್ ಎಣಿಸುವುದು 0 ಮತ್ತು 1ರಲ್ಲಿ. ಮೂರನೇ ಒಂದು ಭಾಗವನ್ನು ನಾವು 0.333... ಎಂದು ಬರೆದು ಮುಗಿಸಲಾರೆವು. ಕಂಪ್ಯೂಟರಿಗೆ ಹತ್ತನೇ ಒಂದು ಭಾಗವೇ ಹಾಗೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ! ಇಂಥ ಚೂರಿನಿಂದಲೂ ಎರಡು ಬದಿ ಸಮ ತಪ್ಪಬಹುದು. ಅದಕ್ಕೇ ಬಲ್ಲವರು 10 ರೂಪಾಯಿಯನ್ನು 1000 ಪೈಸೆ ಎಂದು ಪೂರ್ಣಸಂಖ್ಯೆಯಲ್ಲೇ ಎಣಿಸುವಂತೆ ಬರೆಯುತ್ತಾರೆ.

ಸರಿ, ತಪ್ಪಿದ ಬಿಲ್ ಹುಡುಕುವುದು ಹೇಗೆ? ಮೊದಲು ಲೆಕ್ಕದ ಕಡತದ ಒಂದು ಪ್ರತಿ ಮಾಡಿ, ಏನೇ ಪ್ರಯೋಗ ಮಾಡಿದರೂ ಆ ಪ್ರತಿಯ ಮೇಲೇ ಮಾಡಬೇಕು. ತಂತ್ರಾಂಶವನ್ನು ಅಳಿಸಿ ಹೊಸದಾಗಿ ಹಾಕಿದರೆ ಪ್ರಯೋಜನವಿಲ್ಲ, ಕೆಟ್ಟಿರುವುದು ಒಳಗಿನ ಲೆಕ್ಕ ತಾನೇ? 1024 ಬಿಲ್ಲುಗಳಿವೆ ಅನ್ನಿ. ಪ್ರತಿ ಬಿಲ್ಲೂ ತಾನಾಗಿಯೇ ಸಮ ಇರಬೇಕಾದ್ದರಿಂದ ಮೊದಲ 512ರ ಮೊತ್ತವೂ ಸಮ ಬರಬೇಕು. ಬಂತೇ? ಹಾಗಾದರೆ ಕಳ್ಳ ಉಳಿದರ್ಧದಲ್ಲಿದ್ದಾನೆ. ಅದನ್ನೂ ಅರ್ಧ ಮಾಡಿ, ಮತ್ತೆ ಅರ್ಧ. ಹತ್ತೇ ಸಲ ಅರ್ಧ ಮಾಡಿದರೆ ಕೈಯಲ್ಲಿ ಉಳಿಯುವುದು ಒಂದೇ ಬಿಲ್! ಒಂದು ಎಚ್ಚರಿಕೆ: ಈ ಬದಿ 40, ಆ ಬದಿ 40 ಎಂದು ಎರಡು ಬಿಲ್ ತಪ್ಪಿದ್ದರೆ ಒಂದನ್ನೊಂದು ಮುಚ್ಚಿಹಾಕಿಕೊಂಡು ಒಟ್ಟು ಮೊತ್ತದಲ್ಲಿ ಕಾಣಿಸುವುದೇ ಇಲ್ಲ.

ಕರೆಂಟಿನ ಕಾಟಕ್ಕೂ ಉಪಾಯವಿದೆ. ಹಳೆಯ ವ್ಯಾಪಾರಿಗಳು ಆಯಾ ದಿನದ ವ್ಯವಹಾರವನ್ನು ಮೊದಲು ಕಿರ್ದಿ ಪುಸ್ತಕದಲ್ಲಿ ಬರೆದು, ಆಮೇಲೆ ಖಾತೆಗೆ ಏರಿಸುತ್ತಿದ್ದರು. ಲೆಕ್ಕವನ್ನು ಕೂಡಿಡುವ ಇಂದಿನ ಎಷ್ಟೋ ಡೇಟಾಬೇಸ್‌ಗಳದ್ದೂ ಅದೇ ಕ್ರಮ. ‘ನಗದಿಗೆ 40, ಮಾರಾಟಕ್ಕೆ 40 ಬರೆಯಲಿದ್ದೇನೆ’ ಎಂದು ಮೊದಲು ಬೇರೆ ಕಡತದಲ್ಲಿ ಗುರುತು ಹಾಕಿಕೊಳ್ಳುತ್ತವೆ. ಕರೆಂಟ್ ಬಂದಮೇಲೆ ಅದನ್ನು ಓದಿ, ಗುರುತು ಪೂರ್ತಿಯಿದ್ದರೆ ಕೆಲಸ ಮುಗಿಸುತ್ತವೆ, ಗುರುತೇ ಅರ್ಧವಾಗಿದ್ದರೆ ಆ ಬಿಲ್ಲನ್ನು ಕೈಬಿಡುತ್ತವೆ.