ತಳವಾರನ ಗೆಳೆಯ ಕಳ್ಳ



ಹರಿಹರದ ಹರಿಹರೇಶ್ವರ ಗುಡಿಗೆ ಹೋದವರೆಲ್ಲ ಆ ಮೂರ್ತಿಯನ್ನು ನೋಡಿರುತ್ತೀರಿ. ಬಲಭಾಗ ಶಿವ, ಎಡಭಾಗ ವಿಷ್ಣು. ಹೊಯ್ಸಳ ಅರಸ ಎರಡನೆಯ ನರಸಿಂಹನ ಕಾಲದಲ್ಲಿ, 1224ರಲ್ಲಿ, ಪೋಲಾಳ್ವ ದಂಡನಾಥ ಕಟ್ಟಿಸಿದ ಗುಡಿ. ಶೈವರಿಗೂ ವೈಷ್ಣವರಿಗೂ ಇದ್ದ ಜಗಳ ಇಲ್ಲಿ ಮುಗಿಯಿತು ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಆ ಎರಡು ಅರ್ಧಗಳಿಗೆ ಇನ್ನೊಂದು ಹೊಂದಾಣಿಕೆಯೂ ಇದೆ. ಎಡಗಡೆಯವನು ಗೋಕುಲದಲ್ಲಿ ಮನೆಮನೆಯ ಬೆಣ್ಣೆ ಕದ್ದವನು. ಬಲಗಡೆಯವನನ್ನು ರುದ್ರಾಧ್ಯಾಯದಲ್ಲಿ ಕಳ್ಳರ ಒಡೆಯನೆಂದೇ ಕರೆದು ಕೈಮುಗಿದಿದ್ದಾರೆ. ಕದ್ದ ಬೆಣ್ಣೆಗೆ ಪಕ್ಕದ ದಾವಣಗೆರೆಯಲ್ಲಿ ಗಿರಾಕಿಗಳಿಗೇನೂ ಬರವಿಲ್ಲ, ಆ ಮಾತು ಬಿಡಿ. ನಾನು ಹೇಳಹೊರಟಿದ್ದು ಇಷ್ಟು: ಕಳ್ಳನನ್ನು ಮೆಚ್ಚಿಕೊಳ್ಳುವುದು ನಮ್ಮ ಜನಕ್ಕೆ ಹೊಸದಲ್ಲ. ಮನೆಗೆ ಕಳ್ಳ ನುಗ್ಗಿದರೆ ಬೀದಿಯವರೆಲ್ಲ ಸೇರಿ ಬಡಿಯುತ್ತೇವೆ. ಅದೇ ಕಳ್ಳ ಕಥೆಯಲ್ಲಿ ಬಂದರೆ, ರಂಗದ ಮೇಲೆ ಬಂದರೆ, ಅವನು ಸಿಕ್ಕಿಬೀಳದೇ ಇರಲಿ ಎಂದು ಉಸಿರು ಬಿಗಿಹಿಡಿಯುತ್ತೇವೆ.

ಹೀಗೆ ನಾವು ಮೆಚ್ಚಿಕೊಳ್ಳುವ ಮರ್ಯಾದಸ್ಥ ಕಳ್ಳನ ವಂಶಾವಳಿ ಹೇಳುವವರು ಸಾಮಾನ್ಯವಾಗಿ ಲಂಡನ್ ಮತ್ತು ಪ್ಯಾರಿಸ್ಸಿನಿಂದ ಶುರು ಮಾಡುತ್ತಾರೆ. 1899ರಲ್ಲಿ ಇ. ಡಬ್ಲ್ಯು. ಹಾರ್ನಂಗ್ ಎಂಬ ಲೇಖಕ ರ್‍ಯಾಫಲ್ಸ್ ಎಂಬ ಕಳ್ಳನ ಕಥೆಗಳ ಮೊದಲ ಪುಸ್ತಕ ತಂದ. ರ್‍ಯಾಫಲ್ಸ್ ಒಳ್ಳೆಯ ಕ್ರಿಕೆಟ್ ಆಟಗಾರ, ಚೆಂದದ ಉಡುಪಿನವನು, ದೊಡ್ಡವರ ಮನೆ ಊಟಕ್ಕೆ ಕರೆಸಿಕೊಳ್ಳುವವನು. ಕರೆದವರ ಒಡವೆಯನ್ನೇ ಎತ್ತುವವನು. ತಮಾಷೆಯೆಂದರೆ ಹಾರ್ನಂಗ್ ಮದುವೆಯಾಗಿದ್ದದ್ದು ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್‌ನ ತಂಗಿಯನ್ನು. ಪತ್ತೇದಾರನೂ ಕಳ್ಳನೂ ಒಂದೇ ನೆಂಟಸ್ತನದಲ್ಲಿ ಹುಟ್ಟಿದ ಹಾಗಾಯಿತು. ಪುಸ್ತಕವನ್ನು ಭಾವನಿಗೇ ಅರ್ಪಿಸಿದ. ಭಾವನಿಗೆ ಮಾತ್ರ, ಅಪರಾಧಿಯನ್ನು ನಾಯಕನನ್ನಾಗಿ ಮಾಡುವುದು ತಪ್ಪು ಎಂಬ ಇರಿಸುಮುರಿಸು ಕೊನೆತನಕ ಉಳಿಯಿತು.

ಆಮೇಲೆ ಬಂದವನು ಫ್ರಾನ್ಸಿನ ಆರ್ಸೆನ್ ಲುಪ್ಯಾಂ. ಮೋರಿಸ್ ಲೆಬ್ಲಾಂ ಅವನ ಮೊದಲ ಕಥೆಯನ್ನು ಬರೆದದ್ದು 1905ರಲ್ಲಿ, ಒಂದು ಮಾಸಪತ್ರಿಕೆಗೆ. ರೇಡಿಯೋದಲ್ಲಿ ಮಾತಾಡುತ್ತಿರುವವನು ಆ ಕಥೆಯನ್ನು ಬಿಟ್ಟು ಮುಂದೆ ಹೋಗಬಾರದು, ಏಕೆಂದರೆ ನಮ್ಮ ರೇಡಿಯೋದ ಹಿರಿಯಜ್ಜಿ ಅದರಲ್ಲಿದ್ದಾಳೆ. ಅಟ್ಲಾಂಟಿಕ್ ಸಮುದ್ರದ ನಡುವೆ ಹಡಗು. ದಡದಿಂದ ನಿಸ್ತಂತು ಸಂದೇಶ ಬರುತ್ತದೆ: ಲುಪ್ಯಾಂ ನಿಮ್ಮ ಹಡಗಿನಲ್ಲೇ, ಮೊದಲ ದರ್ಜೆಯಲ್ಲೇ ಇದ್ದಾನೆ, ಇಟ್ಟುಕೊಂಡಿರುವ ಸುಳ್ಳು ಹೆಸರು ಈ ಅಕ್ಷರದಿಂದ ಶುರುವಾಗುತ್ತದೆ ಎನ್ನುವಷ್ಟರಲ್ಲಿ ಗುಡುಗು ಸಿಡಿಲಿಗೆ ಸಂದೇಶ ಕಡಿದುಹೋಗುತ್ತದೆ. ಇನ್ನೇನು, ಪ್ರಯಾಣಿಕರೆಲ್ಲ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುವವರೇ. ಕೊನೆಗೆ ನೋಡಿದರೆ, ಇಷ್ಟು ಹೊತ್ತು ನಮಗೆ ಕಥೆ ಹೇಳುತ್ತಿದ್ದವನೇ ಕಳ್ಳ! ಹಡಗು ದಡ ಮುಟ್ಟುತ್ತಲೇ ಅವನ ಬೆನ್ನುಬಿದ್ದ ಪೊಲೀಸ್ ಅಧಿಕಾರಿ ಗ್ಯಾನಿಮಾರ್ ಅಲ್ಲಿ ನಿಂತಿದ್ದಾನೆ, ಹಿಡಿಯುತ್ತಾನೆ. ನಾಯಕನ ಪರಿಚಯ ಮಾಡಿಸುವ ಮೊದಲ ಕಥೆಯಲ್ಲೇ ಅವನಿಗೆ ಕೋಳ ತೊಡಿಸುವ ಎದೆಗಾರಿಕೆ ಎಷ್ಟು ಲೇಖಕರಿಗಿದೆ?

ರ್‍ಯಾಫಲ್ಸ್‌ಗಿಂತ ನನಗೆ ಲುಪ್ಯಾಂ ಇಷ್ಟ. ರ್‍ಯಾಫಲ್ಸ್ ಕದಿಯುವುದು ಕೈ ಖಾಲಿಯಾದಾಗ. ಲುಪ್ಯಾಂ ಕದಿಯುವುದು ಗ್ಯಾನಿಮಾರ್ ನೋಡಲಿ ಎಂದು. ಒಬ್ಬ ಸಾಹುಕಾರನ ಮನೆಗೆ ನುಗ್ಗಿ, ಅಲ್ಲಿನ ಸಾಮಾನೆಲ್ಲ ನಕಲಿ ಎಂದು ಗೊತ್ತಾಗಿ, ಅಸಲಿ ಬಂದಮೇಲೆ ಬರುತ್ತೇನೆಂದು ಚೀಟಿ ಇಟ್ಟು ಬರಿಗೈಲಿ ಹೋದವನು ಅವನು. ಕಳವಿಗಿಂತ ಚೀಟಿ ಮುಖ್ಯ. ಚೀಟಿ ಓದುವ ಪೊಲೀಸಿನವನು ಅದಕ್ಕಿಂತ ಮುಖ್ಯ. ಎದುರಾಳಿಯಿಲ್ಲದ ಮರ್ಯಾದಸ್ಥ ಕಳ್ಳ ಬರೀ ಕಳ್ಳನಷ್ಟೆ.

ಈ ಗುಟ್ಟು ಕನ್ನಡಕ್ಕೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ಕ್ರಿ.ಶ. 920ರ ಸುಮಾರಿನ ವಡ್ಡಾರಾಧನೆಯಲ್ಲಿ ಹತ್ತೊಂಬತ್ತು ಕಥೆಗಳಿವೆ. ಅದರಲ್ಲೊಂದು ವಿದ್ಯುಚ್ಚೋರನ ಕಥೆ. ಕಾಲೇಜಿನಲ್ಲಿ ಹಳಗನ್ನಡ ಎಂದ ಕೂಡಲೇ ಕಿಟಕಿಯ ಕಡೆ ನೋಡುತ್ತ ಕೂತವರಿಗೆ ಹೇಳುತ್ತೇನೆ, ಈ ಒಂದು ಕಥೆಯನ್ನಾದರೂ ಹೊಸಗನ್ನಡದ ಅನುವಾದದಲ್ಲಿ ಓದಿ.

ಮಿಥಿಲೆ ಪಟ್ಟಣ. ಊರು ಕಾಯುವ ತಳವಾರ ಯಮದಂಡ. ಊರ ಹೊರಗೆ ಪಾಳುಬಿದ್ದ ಗುಡಿ, ಅದರಲ್ಲಿ ಹಗಲೆಲ್ಲ ತೊನ್ನುರೋಗದವನಂತೆ ಬಿದ್ದುಕೊಂಡಿರುವ ಒಬ್ಬ ದಿಕ್ಕಿಲ್ಲದವನು. ರಾತ್ರಿಯಾಯಿತೋ, ಆ ರೋಗಿಯೇ ಸುಂದರಾಂಗ. ಕಳ್ಳವಿದ್ಯೆ ಅರೆದು ಕುಡಿದವನು, ಊರಿನ ಹಣವಂತರ ಗಂಟೆಲ್ಲ ಅವನದೇ. ಹೀಗಿರುತ್ತ ಒಂದು ರಾತ್ರಿ ಅರಸನ ಹಾರಕ್ಕೇ ಕೈಹಾಕಿದ. ಅರಸ ತಳವಾರನನ್ನು ಕರೆದು, ಏಳು ದಿನದಲ್ಲಿ ಕಳ್ಳನನ್ನು ತಂದು ನಿಲ್ಲಿಸು, ಇಲ್ಲವಾದರೆ ಕಳ್ಳನಿಗಾಗುವ ಶಿಕ್ಷೆ ನಿನಗೇ ಎಂದ.

ಆರು ದಿನ ಊರೆಲ್ಲ ಜಾಲಾಡಿದರೂ ಸುಳಿವಿಲ್ಲ. ಏಳನೆಯ ದಿನ ಯಮದಂಡ ಆ ಪಾಳುಗುಡಿಯ ರೋಗಿಯನ್ನು ಹಿಡಿದು ಅರಸನ ಮುಂದೆ ನಿಲ್ಲಿಸುತ್ತಾನೆ: ಇವನೇ ಕಳ್ಳ. ಓಲಗದಲ್ಲಿ ಯಾರೂ ನಂಬರು. ಈ ರೋಗಿಷ್ಠನೇ? ತಲೆ ಉಳಿಸಿಕೊಳ್ಳಲು ಬಡವನೊಬ್ಬನನ್ನು ಹಿಡಿದು ತಂದಿದ್ದಾನೆ ತಳವಾರ ಎಂದೇ ಎಲ್ಲರ ಮಾತು. ಬಗೆಬಗೆಯ ಚಿತ್ರಹಿಂಸೆ ಕೊಡುತ್ತಾರೆ. ಅವನ ಬಾಯಿಂದ ಒಪ್ಪಿಗೆಯ ಮಾತು ಹೊರಡದು. ತಳವಾರನ ಕಥೆ ಮುಗಿಯಿತು ಎನ್ನುವ ಹೊತ್ತಿಗೆ, ಅರಸನಿಂದ ಅಭಯ ಪಡೆದುಕೊಂಡು ಆ ರೋಗಿ ಹೇಳುತ್ತಾನೆ: ಯಮದಂಡ ಹೇಳಿದ್ದು ನಿಜ, ಕಳ್ಳ ನಾನೇ. ಅರಸ ಬೇಕಾದ್ದು ಕೇಳು ಎಂದಾಗ ಅವನು ಕೇಳುವ ವರ ಏನು ಗೊತ್ತೇ? ನನ್ನ ಗೆಳೆಯ ಯಮದಂಡನನ್ನು ಕ್ಷಮಿಸಿ.

ಗೆಳೆಯ! ಅಲ್ಲಿಗೆ ಕಥೆ ತಲೆಕೆಳಗಾಗುತ್ತದೆ. ಈ ಕಳ್ಳ ಇನ್ನೊಂದು ರಾಜ್ಯದ ರಾಜಕುಮಾರ. ಯಮದಂಡ ಆ ರಾಜ್ಯದ ತಳವಾರನ ಮಗ. ಇಬ್ಬರೂ ಒಂದೇ ಗುರುವಿನ ಹತ್ತಿರ ಕಲಿತವರು, ಒಬ್ಬ ಕಾಯುವ ವಿದ್ಯೆ, ಇನ್ನೊಬ್ಬ ಕದಿಯುವ ವಿದ್ಯೆ. ಹುಡುಗರಾಗಿದ್ದಾಗ ಪಂತ ಬಿತ್ತು: ನೀನು ಕಾಯುವ ಊರಿನಲ್ಲಿ ನಾನು ಕದ್ದು ತೋರಿಸುತ್ತೇನೆ. ದೊಡ್ಡವರಾದ ಮೇಲೆ ರಾಜಕುಮಾರ ಅರಸನಾದ, ಯಮದಂಡ ಅವನದೇ ತಳವಾರನಾದ. ಗೆಳೆಯನ ಪಂತಕ್ಕೆ ಹೆದರಿದ ಯಮದಂಡ ಊರು ಬಿಟ್ಟು ಮಿಥಿಲೆಗೆ ಬಂದು ಅಲ್ಲಿ ಕೆಲಸಕ್ಕೆ ಸೇರಿಕೊಂಡ. ಪಂತ ಬಿಟ್ಟುಕೊಡದ ರಾಜಕುಮಾರ ಸಿಂಹಾಸನ ಬಿಟ್ಟು ಅವನ ಹಿಂದೆಯೇ ಬಂದ.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಮಾತು ನಮ್ಮಲ್ಲಿದೆ. ಇಲ್ಲಿ ಇಬ್ಬರೂ ಅದೇ ಮಾತಿನವರು. ಹಣದ ಆಸೆಯಿಲ್ಲ, ಹೊಟ್ಟೆಯ ಹಸಿವಿಲ್ಲ, ಬಡವರಿಗೆ ಹಂಚುವ ಸೋಗೂ ಇಲ್ಲ. ರಾಜ್ಯವನ್ನೇ ಬಿಟ್ಟು ಬಂದವನಿಗೆ ಒಂದು ಹಾರ ಯಾವ ಲೆಕ್ಕ? ಅವನಿಗೆ ಬೇಕಾದದ್ದು ಗೆಳೆಯನ ಸೋಲು, ಅದೂ ಗೆಳೆಯನ ತಲೆ ಉರುಳದಂತೆ. ಅಷ್ಟೊಂದು ಹಿಂಸೆಯನ್ನು ಹೇಗೆ ತಡೆದುಕೊಂಡೆ ಎಂದು ಅರಸ ಕೇಳಿದಾಗ, ಮುನಿಯೊಬ್ಬರ ಬಾಯಲ್ಲಿ ನರಕದ ಯಾತನೆಗಳ ವರ್ಣನೆ ಕೇಳಿದ್ದೆ, ಅದರ ಮುಂದೆ ಇದೇನು ಮಹಾ ಎಂದುಬಿಡುತ್ತಾನೆ. ಜೈನ ಕಥೆಗಾರ ಅಲ್ಲಿ ತನ್ನ ಧರ್ಮಬೋಧೆಗೆ ದಾರಿ ಮಾಡಿಕೊಳ್ಳುತ್ತಿದ್ದಾನೆ ಎನ್ನುವುದು ನಿಜ. ಆದರೂ ಆ ಉತ್ತರದ ಧಿಮಾಕು ನೋಡಿ, ಅದು ಲುಪ್ಯಾಂನ ಚೀಟಿಯ ಧಿಮಾಕೇ.

ಸಂಸ್ಕೃತದ ಮೃಚ್ಛಕಟಿಕದ ಶರ್ವಿಲಕನನ್ನೂ ಇಲ್ಲೇ ನೆನೆಯಬೇಕು. ನಾಲ್ಕು ವೇದ ಓದಿದವನ ಮಗ, ಮದನಿಕೆ ಎಂಬ ದಾಸಿಯನ್ನು ಬಿಡಿಸಿಕೊಳ್ಳಲು ಹಣ ಬೇಕಾಗಿ ಕನ್ನ ಕೊರೆಯುವವನು. ಗೋಡೆಯ ಮುಂದೆ ನಿಂತು ಯೋಚಿಸುತ್ತಾನೆ: ಕನ್ನವನ್ನು ಕಮಲದ ಆಕಾರದಲ್ಲಿ ತೆಗೆಯಲೋ, ಬಾಲಚಂದ್ರನ ಆಕಾರದಲ್ಲೋ, ಪೂರ್ಣಕುಂಭದ ಆಕಾರದಲ್ಲೋ? ಅಳತೆಯ ದಾರ ಮರೆತು ಬಂದಿದ್ದಾನೆ, ಜನಿವಾರವನ್ನೇ ತೆಗೆದು ಅಳೆಯುತ್ತಾನೆ. ಅಳೆದು ಕೊರೆಯುವುದು ಎಂದರೇನು ಎನ್ನುವುದನ್ನು ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಆಯಸ್ಸು ಕಳೆದವರಿಗೆ ವಿವರಿಸಬೇಕಾಗಿಲ್ಲ. ಅವರು ಶರ್ವಿಲಕನನ್ನು ತಮ್ಮವನೆಂದೇ ಒಪ್ಪಿಕೊಂಡಾರು. ಕಳ್ಳ ಹೋದ ಮೇಲೆ ಮನೆ ಯಜಮಾನ ಚಾರುದತ್ತ ಎದ್ದು ನೋಡುತ್ತಾನೆ. ಬೊಬ್ಬೆ ಹೊಡೆಯುವುದಿಲ್ಲ, ಕನ್ನದ ಅಂದಕ್ಕೆ ಬೆರಗಾಗುತ್ತಾನೆ. ಇಷ್ಟು ಕಷ್ಟಪಟ್ಟವನು ಬಡವನ ಮನೆಯಿಂದ ಬರಿಗೈಲಿ ಹೋದನಲ್ಲ ಎಂದು ಮರುಗುತ್ತಾನೆ. ಇಂಥ ಮೆಚ್ಚುಗೆಗೆ ಪ್ಯಾರಿಸ್ಸಿನ ಯಾವ ಕಳ್ಳನೂ ಪಾತ್ರನಾಗಲಿಲ್ಲ.

ಇನ್ನು ನಮ್ಮ ಕಂಪನಿ ನಾಟಕಗಳ ವಿಷಯ. ದಾವಣಗೆರೆಯಲ್ಲಿ ಕೂತು ಕಳ್ಳನ ಪಾರ್ಟಿನ ಮಾತೆತ್ತಿ ಸದಾರಮೆಯನ್ನು ಬಿಟ್ಟರೆ ಹಿರಿಯರು ಬೈದಾರು. ಗುಬ್ಬಿ ವೀರಣ್ಣನವರು ಎಷ್ಟೋ ಪಾತ್ರ ಮಾಡಿದರು. ಜನ ನೆನಪಿಟ್ಟುಕೊಂಡದ್ದು ಸದಾರಮೆಯ ಕಳ್ಳನನ್ನು. ನಾಟಕದ ಹೆಸರು ನಾಯಕಿಯದು, ರಾಜಕುಮಾರನೊಬ್ಬ ಇದ್ದೇ ಇದ್ದಾನೆ, ಆದರೆ ಗೇಟ್ ಕಲೆಕ್ಷನ್ ಕಳ್ಳನದು. ಅವನು ಸದಾರಮೆಯನ್ನು ಹೊತ್ತೊಯ್ಯುತ್ತಾನೆ, ಅವಳು ಜಾಣತನದಿಂದ ಅವನನ್ನು ಮಂಗ ಮಾಡಿ ಪಾರಾಗುತ್ತಾಳೆ. ಹೇಳಹೊರಟರೆ ದುಷ್ಟ ಪಾತ್ರವೇ. ವೀರಣ್ಣನವರು ಅದನ್ನು ಹಾಸ್ಯದಿಂದ ಗೆದ್ದುಕೊಂಡರು. 1935ರಲ್ಲಿ ಸದಾರಮೆ ಸಿನಿಮಾ ಆದಾಗಲೂ ಅದರಲ್ಲಿ ಅವರಿದ್ದರು. ಮುಂದೆ ಅವರ ಮೊಮ್ಮಗಳು ಬಿ. ಜಯಶ್ರೀ ಅದೇ ನಾಟಕವನ್ನು ಮತ್ತೆ ರಂಗಕ್ಕೆ ತಂದು, ಹೆಣ್ಣಾಗಿದ್ದೂ ಅಜ್ಜನ ಕಳ್ಳನ ಪಾರ್ಟನ್ನು ತಾವೇ ಆಡಿದರು.

ರಂಗದ ಮೇಲಿನ ಕಳ್ಳನಿಗೆ ಪುಸ್ತಕದ ಕಳ್ಳನಿಗಿಲ್ಲದ ಒಂದು ಕಷ್ಟವಿದೆ. ಪುಸ್ತಕದಲ್ಲಿ ಕತ್ತಲು ಎಂದು ಬರೆದರೆ ಕತ್ತಲು. ರಂಗದ ಮೇಲೆ ದೀಪ ಉರಿಯುತ್ತಿರುತ್ತದೆ, ಎದುರಿಗೆ ಸಾವಿರ ಕಣ್ಣು, ಅಷ್ಟರ ನಡುವೆ ನಟ ತಾನು ಯಾರಿಗೂ ಕಾಣುತ್ತಿಲ್ಲ ಎಂದು ನಂಬಿಸಬೇಕು. ಹೆಬ್ಬೆರಳ ಮೇಲೆ ಭಾರ ಹಾಕಿ ಹಿಮ್ಮಡಿ ಎತ್ತಿ ಇಡುವ ಹೆಜ್ಜೆ, ತಬಲದವನು ಆ ಹೆಜ್ಜೆಗೆ ಕೊಡುವ ಒಂದೊಂದೇ ಪೆಟ್ಟು, ಪಾತ್ರೆ ಬಿದ್ದ ಸದ್ದಿಗೆ ಕಲ್ಲಾಗಿ ನಿಲ್ಲುವುದು, ಆಮೇಲೆ ಪ್ರೇಕ್ಷಕರ ಕಡೆ ತಿರುಗಿ ಸುಮ್ಮನಿರಿ ಎಂದು ಬೆರಳು ತೋರಿಸುವುದು. ಆ ಬೆರಳು ತೋರಿಸಿದ ಗಳಿಗೆಯಿಂದ ಪ್ರೇಕ್ಷಕರೆಲ್ಲ ಕಳವಿನಲ್ಲಿ ಪಾಲುದಾರರು. ಇಲ್ಲಿಯ ದುಗ್ಗಮ್ಮನ ಜಾತ್ರೆಗೆ ಕಂಪನಿಗಳು ಟೆಂಟು ಹಾಕಿದಾಗ ಇಂಥ ದೃಶ್ಯ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ದಾವಣಗೆರೆ ವೃತ್ತಿರಂಗಭೂಮಿಯ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು; 1988ರಲ್ಲಿ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಇಲ್ಲಿಯವರು. ಅವರ ಕಂಪನಿಗೆ ದೊಡ್ಡ ಹೆಸರು ತಂದ ನಾಟಕ ಪೊಲೀಸನ ಮಗಳು. ಕಳ್ಳನ ಮಗಳು ಅಲ್ಲ, ಗಮನಿಸಿ! ನಮ್ಮೂರು ಎರಡೂ ಕಡೆಯವರಿಗೆ ಚಪ್ಪಾಳೆ ತಟ್ಟಿದೆ.

ಇಲ್ಲಿ ಯಾರಾದರೂ ಸಿಂಧೂರ ಲಕ್ಷ್ಮಣನ ಹೆಸರೆತ್ತಬಹುದು. ಬ್ರಿಟಿಷರ ಕಾಲದಲ್ಲಿ ಉಳ್ಳವರನ್ನು ದೋಚಿ ಇಲ್ಲದವರಿಗೆ ಕೊಟ್ಟವನೆಂದು ಹೆಸರಾದವನು, ನಮ್ಮ ಕಂಪನಿಗಳೂ ಹಳ್ಳಿಯ ಮೇಳಗಳೂ ಆಡುತ್ತ ಬಂದಿರುವ ನಾಟಕದ ನಾಯಕ. ಅವನ ಮೇಲೆ ನನಗೂ ಗೌರವವಿದೆ, ಆದರೆ ಅವನನ್ನು ಈ ಸಾಲಿಗೆ ಸೇರಿಸಲಾರೆ. ಅವನದು ನ್ಯಾಯದ ಸಿಟ್ಟು. ಮರ್ಯಾದಸ್ಥ ಕಳ್ಳನಿಗೆ ಸಿಟ್ಟೇ ಇಲ್ಲ. ಲಕ್ಷ್ಮಣನ ನಾಟಕ ನೋಡಿ ಅತ್ತು ಎದ್ದು ಬರುತ್ತೇವೆ, ಸದಾರಮೆ ನೋಡಿ ಹೊಟ್ಟೆ ಹಿಡಿದುಕೊಂಡು ಬರುತ್ತೇವೆ.

ನಮ್ಮ ಪತ್ತೇದಾರಿ ಕಾದಂಬರಿಗಳು ಈ ಕಳ್ಳನನ್ನು ಯಾಕೆ ಕೈಬಿಟ್ಟವೋ ತಿಳಿಯದು. ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಮನೆಮನೆಗೆ ಮುಟ್ಟಿಸಿದರು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ, ಬಾಡಿಗೆ ಪುಸ್ತಕದಂಗಡಿಯಲ್ಲಿ ಕನ್ನಡ ಓದುವ ಚಟ ಹತ್ತಿಸಿದ ಪುಣ್ಯ ಅಂಥವರದು. ಆದರೆ ಅಲ್ಲಿ ಮೆರೆಯುವವನು ಪತ್ತೇದಾರ. ಪುರುಷೋತ್ತಮನಿಗೆ ಸಾಟಿಯಾಗಿ ಪುಸ್ತಕದಿಂದ ಪುಸ್ತಕಕ್ಕೆ ಮೀಸೆ ತಿರುವುತ್ತ ತಪ್ಪಿಸಿಕೊಳ್ಳುವ ಒಬ್ಬ ಕಳ್ಳ ನಮ್ಮ ಮನಸ್ಸಿನಲ್ಲಿ ಉಳಿಯಲಿಲ್ಲ. ಸಿನಿಮಾ ಸ್ವಲ್ಪ ಧೈರ್ಯ ಮಾಡಿತು. 1975ರಲ್ಲಿ ವಿಷ್ಣುವರ್ಧನ್ ಮತ್ತು ದ್ವಾರಕೀಶ್ ಜೋಡಿಯ ಚಿತ್ರಕ್ಕೆ ಕಳ್ಳ ಕುಳ್ಳ ಎಂದೇ ಹೆಸರಿಟ್ಟರು.

ಈ ನಾಯಕನನ್ನು ಬರೆಯುವವರಿಗೆ ಒಂದು ಪೇಚಿದೆ: ಕೊನೆಗೆ ಅವನನ್ನು ಏನು ಮಾಡುವುದು? ಜೈಲಿಗೆ ಹಾಕಿದರೆ ಓದುಗ ಒಪ್ಪ, ಬಿಟ್ಟರೆ ಸಮಾಜ ಒಪ್ಪದು. ಹಾರ್ನಂಗ್ ರ್‍ಯಾಫಲ್ಸ್‌ನನ್ನು ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಕಳಿಸಿ ದೇಶಕ್ಕಾಗಿ ಸಾಯಿಸಿದ. ಲೆಬ್ಲಾಂ ಮುಂದಮುಂದೆ ಲುಪ್ಯಾಂನ ಕೈಯಲ್ಲಿ ಪತ್ತೇದಾರಿಕೆ ಮಾಡಿಸಿದ. ಶರ್ವಿಲಕ ಮದನಿಕೆಯ ಕೈಹಿಡಿದು, ಅರಸನನ್ನು ಉರುಳಿಸುವವರ ಗುಂಪು ಸೇರಿದ. ಕಳ್ಳ ರಾಜಕೀಯಕ್ಕೆ ಹೋಗುವುದು ಅಷ್ಟು ಹಳೆಯ ದಾರಿ. ವಿದ್ಯುಚ್ಚೋರ ಮಾತ್ರ ಎಲ್ಲವನ್ನೂ ಬಿಟ್ಟು ದೀಕ್ಷೆ ತೆಗೆದುಕೊಂಡು ಮುನಿಯಾಗುತ್ತಾನೆ. ಈ ಕೊನೆ ನನಗೆ ಹೊರಗಿನಿಂದ ಅಂಟಿಸಿದ ಹಾಗೆ ಕಾಣುವುದಿಲ್ಲ. ಪಂತಕ್ಕಾಗಿ ಒಮ್ಮೆ ಸಿಂಹಾಸನವನ್ನೇ ಬಿಟ್ಟು ನಡೆದವನಿಗೆ ಇನ್ನೊಮ್ಮೆ ಬಿಡುವುದು ಏನು ಕಷ್ಟ?

ನಮ್ಮ ಸೀಮೆಯಲ್ಲಿ ವೃತ್ತಿರಂಗಭೂಮಿಗೆಂದೇ ರಂಗಾಯಣವಿದೆ. ಅಲ್ಲಿಯ ಕಲಾವಿದರು ವಿದ್ಯುಚ್ಚೋರನನ್ನು ಕಂಪನಿ ಶೈಲಿಯಲ್ಲೇ ಆಡಬೇಕೆಂಬುದು ನನ್ನ ಆಸೆ. ಪರದೆ ಇರಲಿ, ಹಾರ್ಮೋನಿಯಂ ಇರಲಿ, ರೋಗಿ ಸುಂದರಾಂಗನಾಗುವ ಟ್ರಿಕ್ ಸೀನು ಇರಲಿ. ಕಳ್ಳನ ಪಾರ್ಟಿಗೆ ನಟರು ಮುಗಿಬೀಳುತ್ತಾರೆ, ಗೊತ್ತು. ಆದರೆ ನುರಿತ ನಟನನ್ನು ಯಮದಂಡನಿಗೆ ಇಟ್ಟುಕೊಳ್ಳಿ. ಏಳನೆಯ ದಿನ ಆ ಪಾಳುಗುಡಿಯಲ್ಲಿ, ಇವನೇ ನನ್ನ ಹಳೆಯ ಗೆಳೆಯ ಎಂದು ಗುರುತು ಹಿಡಿದೂ ಹೆಡೆಮುರಿ ಕಟ್ಟಬೇಕಾದವನು ಅವನು. ಆ ಸೀನಿನಲ್ಲಿ ಮಾತು ಕಡಿಮೆ, ಕೆಲಸ ಬಹಳ.